ಚೌಕಟ್ಟು ಬಿಟ್ಟ ದಾಳಿಂಬೆ ಹೂವು

2014ರ ಮಾರ್ಚ್ 11, ಮಂಗಳವಾರ. ಬೆಳಿಗ್ಗೆ ಒಂಬತ್ತೂವರೆಗೆ ಸೌದಿ ಅರೇಬಿಯಾದ ಅಭಾ ನಗರದ ಪೊಲೀಸ್ ಠಾಣೆಗೆ ನಿವೃತ್ತ ವೈದ್ಯರೊಬ್ಬರ ದೂರು ಬಂತು. ಹದಿನೆಂಟನೇ ಶತಮಾನದಲ್ಲಿ ಯುರೋಪಿನ ಹೆಂಗಸೊಬ್ಬಳು ಬರೆದ ಹೂಗಳ ಜಲವರ್ಣ ಚಿತ್ರಗಳು ಅವರ ಮನೆಯಲ್ಲಿದ್ದವು. ಅವುಗಳಲ್ಲಿ ದಾಳಿಂಬೆ ಹೂವಿನದು ಕಾಣೆಯಾಗಿತ್ತು. ಚೌಕಟ್ಟು, ಗಾಜು ಎರಡೂ ಗೋಡೆಯ ಮೇಲೇ ಇದ್ದವು. ಒಳಗಿದ್ದದ್ದು ಕಲರ್ ಜೆರಾಕ್ಸ್. ಅತಿಥಿಯೊಬ್ಬರು ತೋರಿಸಿಕೊಡುವ ತನಕ ಮನೆಯವರೆಲ್ಲ ಅದನ್ನೇ ಮೆಚ್ಚಿಕೊಂಡಿದ್ದರು.

ಇನ್ಸ್‌ಪೆಕ್ಟರ್ ಅಬ್ದುಲ್ಲಾ ಸ್ಥಳ ಮಹಜರು ಬರೆಸಿ, ಪೇದೆಯನ್ನು ಜೆರಾಕ್ಸ್ ಅಂಗಡಿಗಳಿಗೆ ಕಳಿಸಿದರು. ಮೂರನೆಯ ಅಂಗಡಿಯವನಿಗೆ ನೆನಪಿತ್ತು. ವೈದ್ಯರ ಮನೆಯ ಕೆಲಸದ ಪೊಡಿಯಬ್ಬ ತಿಂಗಳ ಹಿಂದೆ ಅದೇ ಹೂಚಿತ್ರಗಳು ಅಚ್ಚಾಗಿದ್ದ ಪುಸ್ತಕ ತಂದು, ದಾಳಿಂಬೆ ಹೂವಿನ ಪುಟವನ್ನು ದೊಡ್ಡದು ಮಾಡಿಸಿದ್ದ.

ಉಪ್ಪಿನಂಗಡಿಯ ಪೊಡಿಯಬ್ಬ ಆ ಮನೆಯಲ್ಲಿ ಹದಿನೇಳು ವರ್ಷದಿಂದ ಇದ್ದವನು. ಗುರುವಾರ ಊರಿಗೆ ಹೊರಡಬೇಕಿತ್ತು. ಭಾನುವಾರ ಮಗಳು ರಮ್ಲತ್‌ಳ ಮದುವೆ. ಮಧ್ಯಾಹ್ನ ಒಂದಕ್ಕೆ ಅವನ ಕೋಣೆಯಲ್ಲಿ ಹಗ್ಗ ಬಿಗಿದಿಟ್ಟಿದ್ದ ಪೆಟ್ಟಿಗೆಯನ್ನು ಬಿಚ್ಚಿಸಿದರು. ಕಂಬಳಿ, ಹಾಲಿನ ಪುಡಿ, ಸೆಂಟಿನ ಬಾಟಲಿಗಳ ತಳದಲ್ಲಿ, ಎರಡು ರಟ್ಟುಗಳ ನಡುವೆ ಚಿತ್ರ ಸಿಕ್ಕಿತು. ಹೂವಿನ ಕೆಂಪು ಕದಡಿ ಎಲೆಗಳ ಮೇಲೆಲ್ಲ ಹರಡಿತ್ತು.

ಠಾಣೆಯಲ್ಲಿ ಪೊಡಿಯಬ್ಬನ ಅರಬಿ ಕೈಕೊಟ್ಟಿತು. ಅನುವಾದಕ್ಕೆ ಆಸ್ಪತ್ರೆಯ ಗುಮಾಸ್ತ, ಪುತ್ತೂರಿನ ಹಿತೇಶ್‌ನನ್ನು ಕರೆಸಿದರು.

“ಮಾರಲಿಕ್ಕಾ ಬ್ಯಾರಿಗಳೇ?” ಹಿತೇಶ್ ಕೇಳಿದ.

“ಅಲ್ಲ ಮಾರಾಯ. ಗಾಜಿನ ಒಳಗೆ ಧೂಳು ಕಂಡಿತು. ಬಿಚ್ಚಿ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಬಣ್ಣ ಬಟ್ಟೆಗೆ ಬಂತು.”

“ಆಗಲೇ ಹೇಳ್ಬಹುದಿತ್ತಲ್ಲ?”

“ಡಾಕ್ಟರು ನನ್ನ ಕಫೀಲ್, ಅವರ ಸಹಿ ಇಲ್ಲದೆ ದೇಶ ಬಿಡ್ಲಿಕ್ಕಾಗುದಿಲ್ಲ. ಕೋಪದಲ್ಲಿ ರಜೆ ತಡೆದರೆ ಮದುವೆಗೆ ಹೋಗುದು ಹೇಗೆ? ಊರಲ್ಲಿ ಬೋರ್ಡು ಬರೆಯುವವರು ಇದ್ದಾರಲ್ಲ. ಸರಿ ಮಾಡಿಸಿ, ಬರುವಾಗ ತರುವ ಅಂತ ಇದ್ದೆ.”

ಹಿತೇಶ್ ಇದನ್ನು ಅರಬಿಯಲ್ಲಿ ಹೇಳಿದ. ಅಬ್ದುಲ್ಲಾ ನಂಬಿದರು. ಆದರೆ ಮಾಲು ಸಿಕ್ಕಿದ್ದು ದೇಶ ಬಿಡಲು ಕಟ್ಟಿದ ಪೆಟ್ಟಿಗೆಯಲ್ಲಿ. ಸಂಜೆ ನಾಲ್ಕು ಹತ್ತಕ್ಕೆ ಬಂಧನ ದಾಖಲಾಯಿತು.

ಸುದ್ದಿ ತಿಳಿದು ವೈದ್ಯರು ಓಡಿ ಬಂದರು. ಅಂದೇ ಹೇಳಿದ್ದರೆ ಎರಡು ಮಾತು ಬೈದು ಸುಮ್ಮನಾಗುತ್ತಿದ್ದೆ ಎಂದರು. ದೂರು ವಾಪಸು ಪಡೆಯಲೂ ಸಿದ್ಧರಿದ್ದರು. ಕಡತ ಮೇಲಿನ ಕಚೇರಿಗೆ ಹೋಗಿಯಾಗಿತ್ತು, ಇತ್ಯರ್ಥಕ್ಕೆ ವಾರಗಳೇ ಬೇಕು. ಹದಿನೇಳು ವರ್ಷ ಒಂದೇ ಮನೆಯಲ್ಲಿದ್ದೂ ಆ ಒಂದು ಮಾತು ಹೇಳಲು ಅವನಿಗೆ ಧೈರ್ಯ ಬರಲಿಲ್ಲವಲ್ಲ ಎಂಬುದೇ ವೈದ್ಯರ ಸಂಕಟ.

ವರದಿಯಲ್ಲಿ ಕೃತ್ಯದ ಕಾರಣ ಬರೆಯುವ ಜಾಗದಲ್ಲಿ ಅಬ್ದುಲ್ಲಾ ‘ಹೆದರಿಕೆ’ ಎಂದಷ್ಟೇ ಬರೆದರು. ಭಾನುವಾರ ಉಪ್ಪಿನಂಗಡಿಯಲ್ಲಿ ರಮ್ಲತ್‌ಳ ನಿಕಾಹ್‌ನಲ್ಲಿ ತಂದೆಯ ಜಾಗದಲ್ಲಿ ಪೊಡಿಯಬ್ಬನ ತಮ್ಮ ಕುಳಿತ.