ಕಲಾಯಿ ಸಣ್ಣೀರಪ್ಪನೂ ಅಳದ ತವರವೂ

ಬೆಟ್ಟಗಳಿಗೆ ಇನ್ನೂ ಹಾಲುಹಲ್ಲು ಇದ್ದ ಕಾಲ. ಆಗ ಹೊನ್ನಂದಿ ಎಂಬೊಂದು ರಾಜ್ಯವಿತ್ತು. ಅಲ್ಲಿಯ ಕೆರೆ ಎಷ್ಟು ತಿಳಿಯೆಂದರೆ, ಮೀನುಗಳು ನಾಚಿಕೊಂಡು ಪಾಚಿ ಹೊದ್ದು ತಿರುಗುತ್ತಿದ್ದವು. ಅಲ್ಲಿಯ ಮಣ್ಣಿನ ಕಸುವು ಎಷ್ಟೆಂದರೆ, ಅಜ್ಜನೊಬ್ಬ ಊರುಗೋಲು ಊರಿ ಮಾತಿಗೆ ನಿಂತರೆ, ಮಾತು ಮುಗಿಯುವಷ್ಟರಲ್ಲಿ ಕೋಲು ಚಿಗುರಿ ಅವನಿಗೇ ನೆರಳು ಕೊಡುತ್ತಿತ್ತು.

ಆ ರಾಜ್ಯದ ಹಿತ್ತಾಳೆ ಪಾತ್ರೆಗಳಿಗೆಲ್ಲ ಕಲಾಯಿ ಹಾಕುವವನು ಸಣ್ಣೀರಪ್ಪ. ತಿದಿ ಒತ್ತಿ, ಪಾತ್ರೆ ಕಾಯಿಸಿ, ನವಸಾಗರದ ಪುಡಿ ಉದುರಿಸಿ, ತವರ ಸವರಿ, ಹತ್ತಿಯಲ್ಲಿ ಒಂದು ಸುತ್ತು ಒರೆಸಿದನೆಂದರೆ ಪಾತ್ರೆಯೊಳಗೆ ಬೆಳದಿಂಗಳು.

"ನಾನು ಕಲಾಯಿ ಹಾಕಿದ ಕೊಳಗದಲ್ಲಿ ಮುಖ ನೋಡ್ಕೊಂಡೇ ಚಂದ್ರ ತಲೆ ಬಾಚ್ಕೊಳ್ಳೋದು ಕಣೇ!" ಎನ್ನುತ್ತಿದ್ದ.

"ಚಂದ್ರನಿಗೆ ಕೂದಲೆಲ್ಲಿ ಬಂತು? ಸುಮ್ನೆ ಉಣ್ಣಿ" ಎನ್ನುತ್ತಿದ್ದಳು ಹೆಂಡತಿ ಹೊಂಬಾಳಮ್ಮ. ಇಂಥದೊಂದು ಮಾತು ಕೇಳದೆ ಅವನಿಗೆ ತುತ್ತು ಇಳಿಯುತ್ತಿರಲಿಲ್ಲ.

ಕಲಾಯಿಯವರಲ್ಲಿ ಒಂದು ಪದ್ಧತಿ. ಹೊಸ ತವರದ ಕಡ್ಡಿ ಕೈಗೆ ಬಂದರೆ ಮೊದಲು ಕಿವಿಯ ಹತ್ತಿರ ಹಿಡಿದು ಬಗ್ಗಿಸಬೇಕು. ನಿಜವಾದ ತವರವಾದರೆ ಕಿರ್ರೆಂದು ಅಳುತ್ತದೆ. ಸೀಸವಾದರೆ ಮೂಕ. ಸೀಸವೆಂದರೆ ವಿಷ.

ಒಂದು ದಿನ ಭಾರಂಗನೆಂಬ ವ್ಯಾಪಾರಿ ಕತ್ತೆಗಳ ಮೇಲೆ ಫಳಫಳ ಹೊಳೆಯುವ ಕಡ್ಡಿಗಳನ್ನು ಹೇರಿಕೊಂಡು ಬಂದ. "ಸಣ್ಣೀರಪ್ಪನೋರೇ, ಮೂರು ಲೋಕದಲ್ಲೂ ನಿಮ್ಮಂಥ ಕೈ ಇಲ್ಲವಂತೆ. ಈ ತವರ ನಿಮಗೇ ಸೇರಬೇಕು. ಸುಮ್ಮನೆ ಇಟ್ಕೊಳ್ಳಿ" ಎಂದ.

ಸಣ್ಣೀರಪ್ಪ ಪೂರಿಯಂತೆ ಉಬ್ಬಿದ. ಕಡ್ಡಿಯನ್ನು ಕಿವಿಗೆ ಹಿಡಿಯಲೇ ಇಲ್ಲ. "ನನ್ನಂಥವನು ಬಗ್ಗಿಸಿ ನೋಡೋದಾ? ನನ್ನ ಕಂಡರೆ ತವರವೇ ಬಗ್ಗುತ್ತೆ!" ಎಂದು ರಾಜ್ಯದ ಪಾತ್ರೆಗಳಿಗೆಲ್ಲ ಅದನ್ನೇ ಸವರಿದ.

ಆ ಪಾತ್ರೆಗಳಲ್ಲಿ ಕುದಿಸಿದ ಹುಳಿಸಾರು ಸಿಹಿಯಾಯಿತು. ಜನ ಚಪ್ಪರಿಸಿ ಉಂಡರು. ಪಾತ್ರೆ ತೊಳೆದ ನೀರು ಹೊಲಕ್ಕೆ ಹರಿಯಿತು, ಹೊಲದಿಂದ ಕೆರೆಗೆ ಇಳಿಯಿತು. ಸೊಪ್ಪು ತಿಂದರೂ ಅದೇ, ನೀರು ಕುಡಿದರೂ ಅದೇ. ಬರಬರುತ್ತ ಜನ ಭಾರವಾದರು. ರಾಜ ಕೂತರೆ ಸಿಂಹಾಸನ ಒಂದು ಮೊಳ ನೆಲಕ್ಕೆ ಇಳಿಯಿತು. ಕುಂಟೆಬಿಲ್ಲೆ ಆಡಲು ಮಕ್ಕಳು ಒಂದು ಕಾಲೆತ್ತಿದರೆ ಇನ್ನೊಂದು ಕಾಲು ಮಣ್ಣು ಹೊಕ್ಕಿತು. ಸಣ್ಣೀರಪ್ಪನ ಹೊಟ್ಟೆಯಲ್ಲಿ ಬಡಾಯಿಯ ಗಾಳಿಯೇ ತುಂಬಿದ್ದರಿಂದ ಅವನಿಗೆ ಮಾತ್ರ ಭಾರ ತಡವಾಗಿ ಹತ್ತಿತು.

ಒಂದು ಮಧ್ಯಾಹ್ನ ಉಣ್ಣುತ್ತ, "ನಿನ್ನೆ ಸೂರ್ಯ ಬಂದು ತನಗೂ ಕಲಾಯಿ ಹಾಕು ಅಂತ ಕಾಲಿಗೆ ಬಿದ್ದ ಕಣೇ" ಎಂದ.

ಹೊಂಬಾಳಮ್ಮ ಅವನ ಮುಖವನ್ನೇ ದಿಟ್ಟಿಸಿದಳು. ಅವಳ ಉಗುರು ಬೂದಿ ಬಣ್ಣಕ್ಕೆ ತಿರುಗಿತ್ತು. "ನೀವು ಯಾರಣ್ಣ? ಯಾವೂರು ನಿಮ್ಮದು?" ಎಂದಳು.

ಕೈಯ ತುತ್ತು ಜಾರಿತು. ಸಣ್ಣೀರಪ್ಪ ಓಡಿಹೋಗಿ ಕಡ್ಡಿಯೊಂದನ್ನು ಕಿವಿಗೆ ಹಿಡಿದು ಬಗ್ಗಿಸಿದ. ಸದ್ದಿಲ್ಲ. ಮತ್ತೆ ಬಗ್ಗಿಸಿದ. ಸದ್ದಿಲ್ಲ. ತವರ ಅಳಲಿಲ್ಲ, ಅವನೇ ಅತ್ತ.

ಮೇಲೆ ಯಾರೋ ನಕ್ಕಂತಾಯಿತು. ತಲೆಯೆತ್ತಿದರೆ ಭಾರಂಗ! ಗಾಳಿಯಲ್ಲಿ ಹತ್ತಿಯಂತೆ ತೇಲುತ್ತಿದ್ದ. ವ್ಯಾಪಾರಿಯಲ್ಲ, ಮಾಂತ್ರಿಕ.

"ಹಗುರಾಗಿ ಹಾರೋ ಆಸೆಗೆ ನನ್ನ ಮೈಭಾರವನ್ನೆಲ್ಲ ಕಡ್ಡಿ ಮಾಡಿ ನಿಮ್ಮ ಹೊಟ್ಟೆಗೆ ಇಳಿಸಿದೆ. ಹುಣ್ಣಿಮೆಗೆ ಇನ್ನು ಮೂರೇ ದಿನ. ಅಂದು ನಿನ್ನ ಹೆಂಡತಿ ಸೀಸದ ಗೊಂಬೆ! ನೀರಲ್ಲಿ ಮೊಸಳೆ, ಮಣ್ಣಲ್ಲಿ ಹೆಗ್ಗಣ, ಅಡುಗೆಮನೆಯಲ್ಲಿ ಬೆಕ್ಕು, ಮೂರು ಕಾವಲಿಟ್ಟಿದೀನಿ. ಎಲ್ಲಾ ಸೀಸವನ್ನೂ ಊರಾಚೆ ಬೆಟ್ಟದಲ್ಲಿರೋ ನನ್ನ ಗುಹೆಗೆ ತಂದು ಸುರಿದರೆ ಮಾತ್ರ ಈ ಮಾಟ ಮುರಿಯೋದು. ನಿನ್ನ ಕೈಲಾಗುತ್ತಾ?"

ಭಾರಂಗನಂಥ ಬಡಾಯಿಯವರಿಗೂ ಇದೊಂದು ಕಷ್ಟ, ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದಿಲ್ಲ.

ಮೊದಲ ದಿನ ಸಣ್ಣೀರಪ್ಪ ಕೆರೆಗೆ ಹೋದ. ಸೀಸದ ಮೊಸಳೆ ಬಾಯಿ ತೆರೆದು ಮಲಗಿತ್ತು. ದಡದ ನುಗ್ಗೆಮರದ ಮುಂದೆ ನಿಂತು, "ಏ ಮರ, ನಾನು ಯಾರು ಗೊತ್ತಾ?" ಎಂದ. ಒಂದು ಎಲೆಯೂ ಅಲ್ಲಾಡಲಿಲ್ಲ. ಆಗ ಕೈಮುಗಿದು, "ತಾಯೀ, ತಪ್ಪು ನನ್ನದು. ಕಾಪಾಡು" ಎಂದ. ಮರ ನಕ್ಕು ಒಣಗಿದ ಕಾಯಿಗಳನ್ನೆಲ್ಲ ಉದುರಿಸಿತು. "ಬೀಜ ಅರೆದು ನೀರಿಗೆ ಕದಡು" ಎಂದಿತು. ಕದಡಿದ. ನೀರಿನ ವಿಷವೆಲ್ಲ ಹೆಪ್ಪುಗಟ್ಟಿ ತಳಕ್ಕೆ ಕೂತಿತು. ಮೊಸಳೆ ಕರಗಿ ಕರಗಿ ಹಲ್ಲಿಯಾಗಿ ಓಡಿತು. ಸಣ್ಣೀರಪ್ಪ ತಳದ ಕೆಸರನ್ನು ಮಡಕೆಗೆ ತುಂಬಿ, "ತಾಯೀ, ನಿನ್ನ ಉಪಕಾರ ಮರೆಯೋಲ್ಲ" ಎಂದ.

ಎರಡನೆಯ ದಿನ ಹೊಲಕ್ಕೆ ಹೋದ. ಎಮ್ಮೆಯಷ್ಟು ದಪ್ಪದ ಹೆಗ್ಗಣ ಮಣ್ಣಿಗೆ ಸೀಸ ತುಂಬುತ್ತಿತ್ತು. ಬದುವಿನ ಮೇಲೆ ಒಂದೇ ಒಂದು ಸಾಸಿವೆ ಗಿಡ. ಈ ಸಲ ಬಡಾಯಿ ಬಾಯಿಯವರೆಗೆ ಬಂದದ್ದನ್ನು ನುಂಗಿಕೊಂಡ. "ತಾಯೀ, ತಪ್ಪು ನನ್ನದು. ಕಾಪಾಡು."

"ನನ್ನ ಕಾಳು ಎರಚು. ಬೇರಿನಿಂದ ವಿಷ ಹೀರ್ತೀನಿ" ಎಂದಿತು ಸಾಸಿವೆ. "ಆದರೆ ಈ ಬೆಳೆಯನ್ನ ಒಗ್ಗರಣೆಗೆ ಹಾಕಬೇಡ, ದನಕ್ಕೂ ಹಾಕಬೇಡ. ಬೇರುಸಹಿತ ಕಿತ್ತು ಗುಹೆಗೆ ಒಯ್ಯಿ."

ಎರಚಿದ. ಮಧ್ಯಾಹ್ನಕ್ಕೆ ಹೊಲವೆಲ್ಲ ಹಳದಿ. ಸಾಸಿವೆ ಹೀರಿದಂತೆಲ್ಲ ಹೆಗ್ಗಣ ಸೊರಗಿ ಕಡಲೆಕಾಯಷ್ಟಾಯಿತು. "ತಾಯೀ, ನಿನ್ನ ಉಪಕಾರ ಮರೆಯೋಲ್ಲ" ಎಂದು ಸಣ್ಣೀರಪ್ಪ ಗಿಡಗಳನ್ನೆಲ್ಲ ಕಿತ್ತು ಗಾಡಿಗೆ ಹೇರಿದ.

ಮೂರನೆಯ ದಿನ ಪಾತ್ರೆಗಳ ಸರದಿ. ಅವನದೇ ಒಲೆಯ ಮೇಲೆ ಬೆಳ್ಳನೆಯ ಬೆಕ್ಕೊಂದು ಕೂತಿತ್ತು. ಅದು ಕಚ್ಚಲಿಲ್ಲ, ಪರಚಲಿಲ್ಲ. ಹೊಗಳಿತು. "ಆಹಾ, ಎಂಥ ಕಲಾಯಿ! ಇದನ್ನ ಕೆರೆದು ಹಾಕ್ತೀಯಾ? ಮನೆಮನೆಗೆ ಹೋಗಿ ನನ್ನದು ತಪ್ಪು ಅಂದರೆ ಇನ್ನು ನಿನ್ನನ್ನ ಯಾರು ಕಲಾಯಿಯವರ ದೊರೆ ಅಂತಾರೆ?"

ಮೊಸಳೆಗೆ ಹೆದರದವನು ಇಲ್ಲಿ ಹಿಂಜರಿದ. ಮೂಲೆಯಲ್ಲಿ ಹೊಂಬಾಳಮ್ಮ ಗೋಡೆಗೊರಗಿ ಕೂತಿದ್ದಳು. ಮೊಣಕೈಯವರೆಗೆ ಬೂದಿ ಬಣ್ಣ ಏರಿತ್ತು. ಸಣ್ಣೀರಪ್ಪ ಬೆಕ್ಕಿನ ಮುಂದೆಯೇ ತನ್ನ ಮನೆಯ ಕೊಳಗ ಎತ್ತಿಕೊಂಡು ಪರಪರ ಕೆರೆದ. ಬೆಕ್ಕಿನ ಮೈಬಣ್ಣ ಅಷ್ಟಷ್ಟೇ ಕಿತ್ತುಹೋಯಿತು.

ಬೀದಿಗಿಳಿದ. ಮೊದಲ ಮನೆಯ ಅಜ್ಜಿ ಬಾಗಿಲಲ್ಲೇ ಕೂತಿದ್ದಳು.

"ಅಜ್ಜೀ, ನಿನ್ನ ಪಾತ್ರೆಗೆ ವಿಷ ಸವರಿದವನು ನಾನೇ. ತಪ್ಪಾಯಿತು. ಕೊಡು, ಕೆರೀತೀನಿ."

ಅಜ್ಜಿ ಒಳಗಿನಿಂದ ಪಾತ್ರೆ ಎಳೆದು ತಂದಳು. "ನಿನ್ನ ಬಾಯಲ್ಲಿ ಈ ಮಾತು ಕೇಳೋಕೆ ಎಂಬತ್ತು ವರ್ಷ ಬದುಕಿದ್ದೆ ಅನ್ಸುತ್ತೆ. ತಗೋ ಪಾತ್ರೆ. ನನಗೂ ಒಂದು ಚೂರಿ ಕೊಡು."

ಬಡಿದಾರೆಂದು ಹೆದರಿದ್ದ. ಜನ ಭಾರದ ಕಾಲೆಳೆದುಕೊಂಡು ಬಂದು ಜೊತೆಗೆ ಕೂತರು. ಯಾರೋ ಬೈದರು, ಬೈಯುತ್ತಲೇ ಮಡಕೆಯಲ್ಲಿ ಮಜ್ಜಿಗೆ ತಂದುಕೊಟ್ಟರು. ಮೊಳದಾಳದಿಂದ ರಾಜನೂ ಎದ್ದು ಬಂದು ಅರಮನೆಯ ಹಂಡೆ ಕೆರೆದ. ಪುಡಿ ಒಂದಿಷ್ಟೂ ನೆಲಕ್ಕೆ ಬೀಳದಂತೆ ಮಡಕೆಗೆ ತುಂಬಿದರು. ಕೊನೆಯ ಪಾತ್ರೆ ಮುಗಿದಾಗ ಬೆಕ್ಕು ಇದ್ದ ಜಾಗದಲ್ಲಿ ಒಂದು ಮೀಸೆಯಷ್ಟೇ ಉಳಿದಿತ್ತು.

ಹುಣ್ಣಿಮೆಯ ಸಂಜೆ ಊರಿಗೆ ಊರೇ ಗಾಡಿ ತಳ್ಳಿಕೊಂಡು ಹೋಗಿ, ಕೆಸರು, ಸಾಸಿವೆ ಗಿಡ, ಕೆರೆದ ಪುಡಿ, ಉಳಿದ ಕಡ್ಡಿ ಎಲ್ಲವನ್ನೂ ಗುಹೆಗೆ ಸುರಿಯಿತು. ಆಕಾಶದಲ್ಲಿ ಪಲ್ಟಿ ಹೊಡೆಯುತ್ತಿದ್ದ ಭಾರಂಗನ ಭಾರವೆಲ್ಲ ಅವನಿಗೇ ಮರಳಿತು. ಧೊಪ್ಪೆಂದು ಬಿದ್ದವನು ಗುಹೆಯ ನೆಲ ಸೀಳಿಕೊಂಡು ಪಾತಾಳಕ್ಕೆ ಇಳಿದ. ಇನ್ನೂ ಇಳಿಯುತ್ತಲೇ ಇದ್ದಾನಂತೆ. ಜನ ಗುಹೆಯ ಬಾಯಿಗೆ ಬಂಡೆ ಇಟ್ಟು, ಜೇಡಿಮಣ್ಣು ಮೆತ್ತಿದರು.

ಮಾಟ ಮುರಿದರೂ ಮೈಯಿಂದ ವಿಷ ಇಳಿಯಲು ದಿನ ಹಿಡಿಯಿತು. ಸಣ್ಣೀರಪ್ಪ ದಿನವೂ ಮಣ್ಣಿನ ಮಡಕೆಯಲ್ಲಿ ಗಂಜಿ ಕಾಯಿಸಿ ಹೆಂಡತಿಗೆ ಕುಡಿಸಿದ. ಒಂದು ಬೆಳಿಗ್ಗೆ ಹೊಂಬಾಳಮ್ಮ ಅವನ ಕೈ ಹಿಡಿದು ತಿರುಗಿಸಿ ನೋಡಿದಳು. ಬೆರಳೆಲ್ಲ ಬಿರಿದಿತ್ತು.

"ಏನ್ರೀ ಇದು! ಎಷ್ಟು ಪಾತ್ರೆ ಕೆರೆದ್ರಿ ಈ ಕೈಲಿ?"

ಏನ್ರೀ ಎಂದಳು! ಗುರುತು ಹಿಡಿದಳು! ಸಣ್ಣೀರಪ್ಪ ಲಕ್ಷ ಅನ್ನಬಹುದಿತ್ತು, ಕೋಟಿ ಅನ್ನಬಹುದಿತ್ತು.

"ನಾನು ಕೆರೆದದ್ದು ಸ್ವಲ್ಪ ಕಣೇ" ಎಂದ. "ಊರೆಲ್ಲ ಜೊತೆಗೆ ಕೂತಿತ್ತು."

ಹೊಂಬಾಳಮ್ಮ ಹರಳೆಣ್ಣೆ ತಂದು ಆ ಬೆರಳುಗಳಿಗೆ ಒಂದೊಂದಾಗಿ ಹಚ್ಚಿದಳು.

ಹೊನ್ನಂದಿಯ ಜನ ಆಮೇಲೆ ಹೊಟ್ಟೆ ತುಂಬ ಉಂಡು, ಮೈ ಹಗುರಾಗಿ, ಮೊಮ್ಮಕ್ಕಳ ಮೊಮ್ಮಕ್ಕಳನ್ನು ಎತ್ತಿ ಆಡಿಸುವವರೆಗೂ ಸುಖವಾಗಿದ್ದರು. ಇಂದಿಗೂ ಅಲ್ಲಿ ನೀರು ಕುಡಿಯುವವರು ಮೊದಲು ನುಗ್ಗೆಮರದ ಕಡೆ, ಆಮೇಲೆ ಸಾಸಿವೆ ಹೊಲದ ಕಡೆ ತಿರುಗಿ ಕೈಮುಗಿಯುತ್ತಾರೆ.