ಬೆರ್ಚಪ್ಪನ ಮೈಮೇಲಿದ್ದ ಅಂಗಿ

"ಯಾರ್ರೀ ಅದು? ನಮ್ಮ ಬೆರ್ಚಪ್ಪನ ಮುಂದೆ ನಿಂತು ಏನ್ ಮಾಡ್ತಿದ್ದೀರಿ?"

ಸೌತೆಬಳ್ಳಿ ಮಧ್ಯದಿಂದ ವಾಣಿಶ್ರೀ ಕೂಗಿದ್ಲು. ಆ ಮನುಷ್ಯ ತಿರುಗಿದ. ಕೊರಳಲ್ಲಿ ದುರ್ಬೀನು, ತಲೆ ಮೇಲೆ ಟೋಪಿ.

ಅವಳು ಬಳ್ಳಿ ದಾಟ್ಕೊಂಡು ಓಡಿ ಬಂದ್ಲು!

ಮಾದೇಶ್!

ಹುಣಸೂರಲ್ಲಿ ಫೋಟೋ ಸ್ಟುಡಿಯೋ ಇಟ್ಕೊಂಡವನೆ. ಮದುವೆ ಮುಹೂರ್ತ ಇಲ್ಲದ ದಿನ ಕೆರೆ, ಡ್ಯಾಮು ಸುತ್ಕೊಂಡು ಹಕ್ಕಿ ನೋಡ್ತಾನೆ. ಹೋದ ವರ್ಷ ಇದೇ ಯುಗಾದಿ ಹತ್ರ ತಾರಕ ಹಿನ್ನೀರಿಗೆ ಬಂದಿದ್ದ. ಅವತ್ತು ವಾಣಿಶ್ರೀ ಕರು ಕೆಸರಲ್ಲಿ ಹೂತೋಗಿತ್ತು. ಇಬ್ರೂ ಸೇರಿ ಎಳೆದ್ರು ನೋಡಿ... ಅಬ್ಬಾ! ಆ ಕೆಸರು ಎಂಥದ್ದು ಅಂತೀರಿ, ಆನೆ ಬಿದ್ರೆ ಬಾಲಾನೂ ಕಾಣಾಕಿಲ್ಲ! ಕರು ಈಚೆ ಬಂತು, ವಾಣಿಶ್ರೀ ನೆಂದು ತೊಪ್ಪೆ. ಅವನು ಮೇಲಂಗಿ ಬಿಚ್ಚಿ ಹೊದಿಸಿದ್ದ.

"ಇಟ್ಕೊಳ್ಳಿ. ಬರೋ ವರ್ಷ ಈ ವಲಸೆ ಬಾತು ಹೊರಡೋ ಮುಂಚೆ ಮತ್ತೆ ಬತ್ತೀನಿ" ಅಂದಿದ್ದ.

ಬಂದವನೆ! ಆದ್ರೆ ಅವಳ ಮುಖ ನೋಡ್ತಿಲ್ಲ. ಹಂದಿ ಬೆದರ್ಸೋಕೆ ನಿಲ್ಸಿರೋ ಬೆರ್ಚಪ್ಪನ್ನೇ ನೋಡ್ತವನೆ.

"ಇದು... ನನ್ನ ಅಂಗಿ ಅಲ್ವಾ?"

"ಹ್ಞೂಂ..." ಅಂದ್ಲು ವಾಣಿಶ್ರೀ.

"ಹಂದಿ ಓಡಿಸೋಕೆ ಒಳ್ಳೆ ಅಂಗಿನೇ ಸಿಕ್ತು ಬುಡಿ."

ನಗೋಕೆ ನೋಡಿದ, ಆಗ್ಲಿಲ್ಲ. ಬೈಕ್ ಹತ್ತಿ ಹೊರಟೇಬುಟ್ಟ.

*ಅಯ್ಯೋ ದೇವ್ರೇ... ಹರಕ್ಲು ಅಂತ ಹಾಕಿದ್ದೀನಿ ಅಂದ್ಕೊಂಡ್ರಾ?*

ಹೊಲದ ಗುಡಿಸಲ ಬಾಗಿಲಲ್ಲಿ ಅವಳಪ್ಪ ಸಿದ್ದಯ್ಯ ಎಲೆಗೆ ಸುಣ್ಣ ಸವರ್ತಾ ಕೂತಿದ್ದ.

"ಏನಮ್ಮಾ, ನಮ್ಮನೆ ಪದ್ಧತಿ ಏಳಿದ್ಯಾ ಅವ್ರಿಗೆ?"

ಆ ಮನೇಲಿ ಒಂದು ಪದ್ಧತಿ ಐತೆ. ಬೆರ್ಚಪ್ಪಂಗೆ ಮನೆ ಗಂಡಸಿನ ಅಂಗಿನೇ ಹಾಕ್ಬೇಕು. ಹೊರಗಿನೋರ ಅಂಗಿ ಹಾಕಿದ್ರೆ ಹಂದಿ ಬಂದು ಅದರ ಪಕ್ಕದಲ್ಲೇ ಮಲಗಿ ಗೊರಕೆ ಹೊಡೀತಾವಂತೆ!

"ಅಪ್ಪಾ... ನಿಂಗೆ ಗೊತ್ತಾ?"

"ನನ್ನ ಅಂಗಿ ಬಿಚ್ಚಿ ಇನ್ನೊಬ್ರುದು ತೊಡಿಸ್ಬುಟ್ಟಿದ್ದೀಯ, ಗೊತ್ತಾಗಾಕಿಲ್ವಾ? ಮನೆಗೆ ಇನ್ನೊಬ್ಬ ಗಂಡಸು ಬತ್ತವನೆ ಅಂತ ಸುಮ್ಕಿದ್ದೆ." ಸಿದ್ದಯ್ಯ ಮೀಸೇಲೇ ನಕ್ಕ. "ಆದ್ರೆ ಸಂಜೆಗೆ ನಿನ್ನ ಕೇಳ್ಕೊಂಡು ಬಂದಿದ್ದ ಚುಂಚನಕಟ್ಟೆ ಗಂಡಿನೋರಿಗೆ ಫೋನ್ ಮಾಡ್ಬೇಕು ಕಣಮ್ಮಾ. ಊಂ ಅನ್ಲಾ, ಬ್ಯಾಡ ಅನ್ಲಾ?"

"ಅವ್ರು ಹೊರಟೋದ್ರಲ್ಲಾ ಅಪ್ಪಾ..."

"ಎಲ್ಲಿಗೋದಾನು? ರಸ್ತೆ ನೀರು ಬಳಸ್ಕೊಂಡು ಓಯ್ತದೆ. ಆ ದಡದಲ್ಲಿ ಪಟ್ಟೆತಲೆ ಬಾತು ಕೂತವೆ. ಬಾತು ನೋಡೋ ಚಟ ಇರೋನು ಅದನ್ನ ದಾಟಿ ಓಗಾಕಿಲ್ಲ. ಅರಿಗೋಲು ತಗೊ!"

ಸಿದ್ದಯ್ಯನ ಹರಿಗೋಲು ಸಾಮಾನ್ಯದ್ದಲ್ಲ. ಒಂದ್ಸಲ ಅದರಲ್ಲಿ ಕೂತ ಬೀಗರು ಸುತ್ತಿ ಸುತ್ತಿ, ಇಳಿದ ಮೇಲೆ ಬೇರೆಯೋರ ಮನೆಗೆ ಹೋಗಿ ಉಂಡು ಮಲಗಿದ್ರಂತೆ! ವಾಣಿಶ್ರೀ ಮಾತ್ರ ಹುಟ್ಟು ಹಾಕಿದ್ಲು ನೋಡಿ, ಗೆರೆ ಎಳೆದಂಗೆ ಹೋಯ್ತು.

ನೀರು ತಣ್ಣಗಿತ್ತು. ದಡದಿಂದ ಹೊಂಗೆ ಹೂವಿನ ಘಮ ಬತ್ತಿತ್ತು. ಆ ಕಡೆ ಮಾದೇಶ್ ಮಂಡಿಯೂರಿ ಕೂತಿದ್ದ, ದುರ್ಬೀನು ಕಣ್ಣಿಗೆ. ಅಪ್ಪ ಹೇಳಿದ್ದು ಸುಳ್ಳಾಗ್ಲಿಲ್ಲ!

ಹರಿಗೋಲು ದಡಕ್ಕೆ ಧಡ್ ಅಂತ ಬಡೀತು. ಬಾತುಗಳೆಲ್ಲಾ ಒಟ್ಟಿಗೆ ಎದ್ದವು. ಆಕಾಶ ತುಂಬಾ ರೆಕ್ಕೆ!

"ಅಯ್ಯೋ! ಎಲ್ಲಾ ಎಬ್ಬಿಸ್ಬುಟ್ರಲ್ರೀ!"

"ಎದ್ರೆ ಏಳ್ಲಿ! ಹಿಮಾಲಯ ದಾಟೋ ಹಕ್ಕಿ ದಾರಿ ಗೊತ್ತು ನಿಮಗೆ. ಒಂದು ಹೊಲ ದಾಟಿ ನನ್ನ ಮನಸು ಗೊತ್ತಾಗ್ಲಿಲ್ವಾ?"

ಮಾದೇಶ್ ದುರ್ಬೀನು ಕೆಳಗಿಳಿಸಿದ.

"ಬೆರ್ಚಪ್ಪಂಗೆ ಯಾರೂ ಬೇಡ ಅಂದ ಬಟ್ಟೆ ತಾನೇ ಹಾಕೋದು? ನಮ್ಮೂರಲ್ಲಿ ಹಂಗೇ..."

"ನಮ್ಮನೇಲಿ ಹಂಗಲ್ಲ." ಅವಳ ದನಿ ಸಣ್ಣಗಾಯ್ತು. "ನಮ್ಮ ಬೆರ್ಚಪ್ಪಂಗೆ ಮನೆ ಗಂಡಸಿನ ಅಂಗಿ ಬಿಟ್ರೆ ಬೇರೆಯೋರ್ದು ತೊಡಿಸಾಕಿಲ್ಲ. ತಾತಂದು ಹಾಕ್ತಿದ್ರು. ಆಮೇಲೆ ಅಪ್ಪಂದು. ಈಗ..."

ಆಚೆ ದಡದ ಬೆರ್ಚಪ್ಪನ ಕಡೆ ಕೈ ತೋರ್ಸಿದ್ಲು. ಕಣ್ಣು ತುಂಬ್ತು.

ಮಾದೇಶ್ ಆ ಕಡೆ ನೋಡಿದ. ಆಮೇಲೆ ಟೋಪಿ ತೆಗೆದು ತಲೆ ಕೆರ್ಕೊಂಡ.

"ನಾನೆಂಥ ದಡ್ಡ ಕಣ್ರೀ!"

"ಹ್ಞೂಂ. ದಡ್ಡರೇ."

ಇಬ್ರಿಗೂ ನಗು ಬಂತು. ಎದ್ದ ಬಾತುಗಳು ಒಂದು ಸುತ್ತು ಹಾಕಿ, ದೂರದಲ್ಲಿ ಮತ್ತೆ ನೀರಿಗೆ ಇಳಿದವು.

ಆಚೆ ದಡದಿಂದ ಸಿದ್ದಯ್ಯನ ಕೂಗು ನೀರ ಮೇಲೆ ತೇಲಿ ಬಂತು, "ಚುಂಚನಕಟ್ಟೆಯೋರಿಗೆ ಏನ್ ಏಳ್ಲಮ್ಮಾ...?"

ವಾಣಿಶ್ರೀ ಮಾದೇಶ್ ಮುಖ ನೋಡಿದ್ಲು.

"ಬ್ಯಾಡ ಅಂತ ಹೇಳೋಕೆ ಹೇಳಿ," ಅಂದ ಅವನು ಮೆಲ್ಲಗೆ. "ನಾಳೆ ನಮ್ಮವ್ವನ್ನ ಕರ್ಕೊಂಡು ಬತ್ತೀನಿ."

"ಬ್ಯಾಡ ಅನ್ನಪ್ಪೋ...!" ವಾಣಿಶ್ರೀ ಕೂಗಿದ ಜೋರಿಗೆ ನಾಗರಹೊಳೆ ಕಾಡಿನ ಆನೆಗಳೂ ಕಿವಿ ನಿಮಿರಿಸಿರ್ಬೇಕು!

ಆಮೇಲೆ ನಾಚ್ಕೊಂಡು ತಲೆ ತಗ್ಗಿಸಿದ್ಲು.

"ಅಂಗಿ... ವಾಪಸ್ ಬೇಕಾ?"

"ಅಲ್ಲೇ ಇರ್ಲಿ. ಮಾಸಿದ್ರೆ ಇದಿದೆಯಲ್ಲ." ಮೈಮೇಲಿದ್ದ ಹೊಸ ಅಂಗಿ ಮುಟ್ಕೊಂಡ. "ಇವತ್ತು ನಿಮ್ಮನ್ನ ನೋಡೋಕೆ ಅಂತಲೇ ಹೊಲಿಸಿದ್ದು."

"ಅದೂ ಮಾಸಿದ್ರೆ?"

"ಆಗ ನೀವೇ ಆರಿಸಿ ಕೊಡ್ಸಿ. ಎಷ್ಟಾದ್ರೂ ಬೆರ್ಚಪ್ಪನೂ ನಾನೂ ಇನ್ನೇನು ಒಂದೇ ಮನೆಯೋರು..."