ಬಾವುಟದ ಮೇಟಿ

ಸಾವಿರದ ಒಂಬೈನೂರ ಮೂವತ್ತಾರರಲ್ಲಿ ನಾನು ಧಾರವಾಡದ ಹೊರಗೆ ಸಾಹೇಬರ ಗಾಲ್ಫ್ ಮೈದಾನದಲ್ಲಿ ಮಾಲಿಯಾಗಿದ್ದೆ. ಚೆಂಡು ಬೀಳಿಸುವ ಕುಳಿಯ ಸುತ್ತ ಅಲ್ಲಿ ಹುಲ್ಲಿರಲಿಲ್ಲ. ಎಣ್ಣೆ ಬೆರೆಸಿದ ಮರಳನ್ನು ದುಂಡಗೆ ಹಾಸಿ, ಕುಳಿಯಲ್ಲಿ ಬಾವುಟದ ಕೋಲು ನಿಲ್ಲಿಸಿದ್ದರು. ಆಟ ಮುಗಿದ ಮೇಲೆ ಗೋಣಿತಟ್ಟು ಎಳೆದು ಮರಳು ಸಮ ಮಾಡುವುದು ನನ್ನ ಕೆಲಸ. ಕೆರೆಯ ಕಡೆಯ ಕುಳಿಯಲ್ಲಿ ಮಾತ್ರ, ಸಮ ಮಾಡಿ ಬೆನ್ನು ತಿರುಗಿಸಿದರೆ ಸಾಕು, ಕೋಲಿನ ಸುತ್ತ ಎತ್ತಿನ ಗೊರಸಿನ ಗುರುತು ಮೂಡಿರುತ್ತಿತ್ತು. ಹಸಿ ಸಗಣಿಯ ವಾಸನೆ ಬೇರೆ.

ನನ್ನ ಗುಮಾನಿಯೆಲ್ಲ ದನ ಕಾಯುವ ದುರಗಪ್ಪನ ಮೇಲೆ. ಸಾಹೇಬ ನನ್ನನ್ನು ಕೆಲಸದಿಂದ ತೆಗೆಯುತ್ತೇನೆಂದು ಗದರಿಸಿದ ದಿನ, ಮಟಮಟ ಮಧ್ಯಾಹ್ನ, ದುರಗಪ್ಪನನ್ನು ಆ ಕುಳಿಯ ಹತ್ತಿರ ಎಳೆದುಕೊಂಡೇ ಹೋದೆ. ಮರಳಿನ ಅಂಚಿಗೆ ಬಂದವನೇ ಅವನು ಚಪ್ಪಲಿ ಬಿಟ್ಟ.

“ಯಾಕಲೇ?”

“ಕಣದಾಗ ಕಾಲ್ಮರಿ ಮೆಟ್ಟಿ ಹೋಗ್ತಾರೇನ ಯಣ್ಣಾ? ಕಣ ಮಾಡಿ ಮೇಟಿ ನಟ್ಟೀರಿ. ಎತ್ತು ಬರಲಾರ್ದ ಇರ್ತಾವೇನು?”

ಎತ್ತು ಕಟ್ಟಿ ರಾಶಿ ತುಳಿಸುವ ಮೇಟಿ ಎಂದು ಅವನು ತೋರಿಸಿದ್ದು ಬಾವುಟದ ಕೋಲನ್ನು. ನನಗೆ ರೇಗಿತು. ಕೋಲು ಕಿತ್ತೆಸೆದು ಕುಳಿಗೆ ಕೈ ಹಾಕಿದೆ. ಬೆರಳಿಗೆ ಸಿಕ್ಕಿದ್ದು ಹೊಸ ಜೋಳ, ಹಿಡಿ ತುಂಬ, ಬೆಚ್ಚಗೆ.

ಈಗ ದುರಗಪ್ಪನೇ ನನ್ನನ್ನು, ಕಣದ ರಾಶಿಗೆ ಕೈ ಹಾಕಿದ ಕಳ್ಳನನ್ನು ನೋಡುವಂತೆ, ಗುಮಾನಿಯಿಂದ ನೋಡುತ್ತಿದ್ದ. ಸುತ್ತಲಿನ ಹೊಲಗಳಲ್ಲಿ ಜೋಳದ ಪೈರು ಆಗಿನ್ನೂ ಮೊಣಕಾಲುದ್ದ.